ಡ್ರ್ಯಾಗನ್ನಿನ ಬಗ್ಗೆ ಭಾಗಿ ಹೇಳಿದ್ದು

೯ ಜೂನ್ ೨೦೦೬, ಶುಕ್ರವಾರ

ಬೆಳಿಗ್ಗೆ ಮತ್ತೆ ಕ್ಯಾಬ್ ಲೇಟು. ಮಾದಾಪುರದ ಗಾಜಿನ ಕಟ್ಟಡದ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟ್ರಾನ್ಸ್‌ಪೋರ್ಟ್ ಮ್ಯಾನೇಜರ್. ಬಸ್ಸು ಬಂದರೆ ಬಾಸಿಗೆ ಖುಷಿ, ಬರದಿದ್ದರೆ ನನ್ನ ಮುಖಕ್ಕೆ ಮಸಿ. ಗುಲಬರ್ಗಾದ ಬಿ.ಎ., ಕನ್ನಡ ಮಾಧ್ಯಮ. ಇಲ್ಲಿ ಉಳಿದವರೆಲ್ಲ ಎಳೆಯರು, ಸೀನುವುದೂ ಇಂಗ್ಲಿಷಿನಲ್ಲೇ.

ಇವತ್ತಿನಿಂದ ಹೊಸ ಶಿಕ್ಷೆ. ಎಚ್.ಆರ್. ಸೂರ್ಯನಾರಾಯಣ ಶುಕ್ರವಾರ ಸಂಜೆಗೆ ಬುಕ್ ಕ್ಲಬ್ ಶುರು ಮಾಡಿದ್ದಾನೆ. ಈಚೆಗೆ ಓದಿದ, ಮರಳಿ ಓದಿದ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಒಬ್ಬೊಬ್ಬರು ಅಭಿಪ್ರಾಯ ಹೇಳಬೇಕು. ಸಪೋರ್ಟ್ ಸ್ಟಾಫ್ ಕೂಡ ಬರಬೇಕಂತೆ — ನಮ್ಮ ಇಂಗ್ಲಿಷ್ ಸುಧಾರಿಸಲಿ ಅಂತ. ಮೂಲೆಯಲ್ಲಿ ಕೂತು ಸಮೋಸಾ ತಿನ್ನುತ್ತಿದ್ದೆ.

"ಕಲ್ಯಾಣಪ್ಪ ಗಾರು, ನೆಕ್ಸ್ಟ್ ವೀಕ್ ಮೀರು ಚೆಪ್ಪಾಲಿ" ಅಂದ ತೆಲುಗಿನಲ್ಲಿ. ಮುಂದಿನ ವಾರ ನಾನು ಹೇಳಬೇಕಂತೆ.

ಬಾಯಿ ತುಂಬ ಆಲೂಗಡ್ಡೆ. ಹೇಳೋದು ನನ್ನಿಂದಾಗದು ಎಂದು ತಲೆ ಆಡಿಸಿದೆ. ಒಪ್ಪಿದೆ ಅಂದುಕೊಂಡ.

೧೨ ಜೂನ್, ಸೋಮವಾರ

ಕಾಚಿಗೂಡದ ಮನೆಯಿಂದ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ಮಗಳನ್ನು ಬಿಡುವುದು ನನ್ನ ಕೆಲಸ. ಭಾಗ್ಯಶ್ರೀ, ನಮ್ಮ ಭಾಗಿ, ಸ್ಕೂಟರಿನ ಮೇಲೆ ಮಾತಾಡುವವಳಲ್ಲ. ಬ್ಯಾಗಿನಲ್ಲಿ ಫಿಸಿಕ್ಸ್, ಅದರ ಕೆಳಗೆ ಯಾವಾಗಲೂ ಇಟ್ಟಂಗಿಯಷ್ಟು ದಪ್ಪದ ಇಂಗ್ಲಿಷ್ ಮಾಯಾಕಾದಂಬರಿ. ಏನು ಓದುತ್ತಿದ್ದೀ ಎಂದು ಇವತ್ತು ಕೇಳಿದೆ.

"ಯಾಕಪಾ? ಅವ್ವಗ ಹೇಳಿ ಬೈಸಾಂವ ಏನ್?"

"ಇಲ್ಲವಾ. ಸುಮ್ಮ ಕೇಳಿದ್ನಿ."

ನಂಬಿದಳು. ಚಾದರ್‌ಘಾಟ್ ದಾಟುವಷ್ಟರಲ್ಲಿ ತಡೆಯಲಾಗದಷ್ಟು ಮಾತು. ಪುಸ್ತಕದ ಹೆಸರು ಉದ್ದ. ನಾನು ಬಾವಿ ಪುಸ್ತಕ ಅನ್ನುತ್ತೇನೆ. ಮರಳುಗಾಡಿನ ಬಾವಿಯನ್ನು ಒಂದು ಡ್ರ್ಯಾಗನ್ ಕಾಯುತ್ತದೆ. ರಾಜಕುಮಾರ ಅದನ್ನು ಕೊಂದು ನೀರು ತರುತ್ತಾನೆ. ಊರಿಗೆಲ್ಲ ಹಬ್ಬ.

"ಮೊದಲ್ನೇ ಸಲ ಓದಿದಾಗ ನಾನೂ ಸೀಟಿ ಹೊಡದಿದ್ದೆ. ಎರಡ್ನೇ ಸಲಕ್ಕ ಅಳು ಬಂತು. ಬಾವಿ ಕಾಯಿ ಅಂದ ರಾಜಾ ಸತ್ತು ಯಾವ ಕಾಲ ಆತು! ಯುದ್ಧ ಮುಗದೈತಿ ಅಂತ ಪಾಪ ಅದಕ್ಕ ಯಾರೂ ಹೇಳೇ ಇಲ್ಲ. ಕತ್ತಿ ಹಿಡಕೊಂಡು ಹೋದಾಂವ ಒಂದ್ ಮಾತ್ ಹೇಳಿದ್ರ, ಎದ್ದು ಮನಿಗಿ ಹೋಗ್ತಿತ್ತಲ್ಲೋ ಅಪ್ಪಾ?"

ಮಲಕಪೇಟ ಬ್ರಿಜ್ ಕೆಳಗಿನ ಜಾಮ್ ಇಷ್ಟು ಬೇಗ ಮುಗಿದದ್ದು ಇದೇ ಮೊದಲು.

೧೬ ಜೂನ್, ಶುಕ್ರವಾರ

ಹೇಳಿದೆ. ಬಚ್ಚಲಿನಲ್ಲಿ ಪ್ರಾಕ್ಟೀಸ್ ಮಾಡಿಕೊಂಡಿದ್ದೆ. ಡ್ರ್ಯಾಗನ್ನಿಗೆ ಯುದ್ಧ ಮುಗಿದದ್ದನ್ನು ಯಾರೂ ಹೇಳಲೇ ಇಲ್ಲ — ಮಾತು ಭಾಗಿಯದು, ಗ್ರಾಮರ್ ನನ್ನದು, ಅದೂ ಅರ್ಧ. ಟೆಸ್ಟಿಂಗ್ ಟೀಮಿನ ಹುಡುಗಿ ಕಣ್ಣೊರೆಸಿಕೊಂಡಳು. ಎಷ್ಟು ಸಲ ಓದಿದ್ದೀರಿ ಸರ್ ಅಂದಳು. ಎರಡು ಸಲ ಅಂದೆ. ಅದೂ ಭಾಗಿಯ ಲೆಕ್ಕವೇ.

'ನನ್ನ ಮಗಳು ಹೇಳುತ್ತಾಳೆ' ಎಂದು ಶುರು ಮಾಡಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಾಳೆ ಕೇಳಿ ಒಳಗೆ ಹೋಯಿತು.

ಓದಿದ್ದು ಮಗಳು, ಊದಿದ್ದು ನಾನು. ಪ್ರಾಸ ಚೆನ್ನಾಗಿದೆ. ಮನುಷ್ಯ ಚೆನ್ನಾಗಿಲ್ಲ.

೭ ಜುಲೈ, ಶುಕ್ರವಾರ

ಇವತ್ತು ನೆರಳು ಮಾರುವ ಮಾಟಗಾತಿಯ ಕಾದಂಬರಿ. ಭಾಗಿಯ ತೀರ್ಪು ಬುಧವಾರವೇ ಬಂದಿತ್ತು: "ಮಂತ್ರ ಭಾಳ ಸಸ್ತಾ ಆಗೇತಿ ಇದರಾಗ. ಏನೂ ಕಳಕೊಳ್ಳದ ಎಲ್ಲಾ ಸಿಗತೈತಿ. ಮಂತ್ರ ಅಲ್ಲಪಾ ಅದು, ಆಷಾಢದ ಸೇಲ್!" ಕ್ಲಬ್ಬಿನಲ್ಲಿ ಹಾಗೇ ಹೇಳಿದೆ. ಬಿದ್ದು ಬಿದ್ದು ನಕ್ಕರು.

ಈಗ ಹುಡುಗರು ಕಾರಿಡಾರಿನಲ್ಲಿ ನಿಂತು ಮಾತಾಡಿಸುತ್ತಾರೆ. ಮೊದಲು 'ಕ್ಯಾಬ್ ಬಂತಾ' ಒಂದೇ ಪ್ರಶ್ನೆ. ಈಗ 'ಸರ್, ಯಾವುದು ಓದಲಿ'. ಸುಳ್ಳು ಹೇಳುವುದಿಲ್ಲ, ಹಿತವಾಗಿದೆ. ಅದೇ ಹೇಸಿಗೆ.

ಊಟಕ್ಕೆ ಕೂತಾಗ ಹೆಂಡತಿ ಶಿವದೇವಿ ಕೇಳಿದಳು, "ಅಪ್ಪ ಮಗಳು ಮುಂಜಾನೆದ್ದು ಅದೇನ್ ನಗತೀರ್ರಿ? ಗೇಟಿನ ತನಕ ಕೇಳಸ್ತೈತಿ."

"ಅಪ್ಪಗ ಕಥಿ ಅಂದ್ರ ಜೀವ, ಅವ್ವಾ" ಅಂದಳು ಭಾಗಿ. "ಈ ಮನ್ಯಾಗ ನನ್ನ ಮಾತು ಕೇಳಾಂವ ಅಂವೊಬ್ಬನ."

ಬರೀ ರೊಟ್ಟಿ ಮುರಿದು ಮುರಿದು ತಿಂದೆ. "ಪಲ್ಯಾ ಹಚ್ಚಕೋರಿ" ಅಂದಳು ಹೆಂಡತಿ.

೧೨ ಆಗಸ್ಟ್, ಶನಿವಾರ

ಆಫೀಸಿನ ಫ್ಯಾಮಿಲಿ ಡೇ. ತಾಯಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೂರನೇ ಮಹಡಿಗೆ ಹೋಗದಂತೆ ನೋಡಿಕೊಂಡೆ. ಆದರೆ ಶಿವದೇವಿಗೆ ಚಹಾ ಬೇಕಾಯಿತು, ಚಹಾ ಇದ್ದದ್ದು ಮೂರನೇ ಮಹಡಿಯಲ್ಲೇ.

ಪ್ಯಾಂಟ್ರಿ ಗೋಡೆಯ ಮೇಲೆ ಪೋಸ್ಟರ್. ಡ್ರ್ಯಾಗನ್ನಿನ ಚಿತ್ರ, ಅದರ ಕೆಳಗೆ ಭಾಗಿಯ ಮಾತು, ಅದರ ಕೆಳಗೆ ನನ್ನ ಹೆಸರು.

ಭಾಗಿ ನಿಂತು ಓದಿದಳು. ಮತ್ತೊಮ್ಮೆ ಓದಿದಳು. ಅಷ್ಟರಲ್ಲಿ ಸೂರ್ಯನಾರಾಯಣ ಬಂದ. "ಲಕ್ಕಿ ಗರ್ಲ್ ಅಮ್ಮಾ ನುವ್ವು! ಇಂಥ ರೀಡರ್ ಮನೆಯಲ್ಲೇ ಇದ್ದಾರೆ." ಆಷಾಢ ಸೇಲಿನ ಮಾತನ್ನೂ ಹೇಳಿ ತಾನೇ ನಕ್ಕ.

ಭಾಗಿ ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪು ನೋಡಿದೆ.

"ಹೌದು ಅಂಕಲ್" ಅಂದಳು, ನನಗಿಂತ ಎಷ್ಟೋ ಚೆಂದದ ಇಂಗ್ಲಿಷಿನಲ್ಲಿ. "ಈ ಪುಸ್ತಕಗಳನ್ನು ಹೇಗೆ ಓದಬೇಕೆಂದು ನನಗೆ ಕಲಿಸಿದ್ದೇ ಅಪ್ಪ."

ನಕ್ಕಳು ಕೂಡ. ನನ್ನ ಮಾನ ಉಳಿಸಿದಳು. ಅಲ್ಲೇ ಬೈದಿದ್ದರೆ ನಿಂತು ಕೇಳುತ್ತಿದ್ದೆ. ವಾಪಸ್ ಬಸ್ಸಿನಲ್ಲಿ, ಕಾಚಿಗೂಡ ಬರುವ ತನಕ ಶಿವದೇವಿ ಹೆಮ್ಮೆಯಿಂದ ಮಾತಾಡುತ್ತಲೇ ಇದ್ದಳು. ನಾವಿಬ್ಬರೂ ಕಿಟಕಿ ನೋಡಿದೆವು, ಒಬ್ಬೊಬ್ಬರು ಒಂದೊಂದು ಕಡೆ.

ಇವತ್ತು ಪ್ರಾಸ ಬೇಡ.

೧೪ ಆಗಸ್ಟ್, ಸೋಮವಾರ

"ಏನ್ ಓದಾಕತ್ತೀ ಭಾಗೀ?"

"ಫಿಸಿಕ್ಸ್ ರೀ."

ಎಂದೂ ನನಗೆ ರೀ ಹಚ್ಚಿದವಳಲ್ಲ. ಆಮೇಲೆ ಬರೀ ಆಟೋಗಳ ಹಾರ್ನು.

೧೮ ಆಗಸ್ಟ್, ಶುಕ್ರವಾರ

ಕ್ಲಬ್ಬಿನಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಎಲ್ಲಾ ನನ್ನ ಮಗಳ ಮಾತು. ಒಂದು ಪುಟವನ್ನೂ ನಾನು ಓದಿಲ್ಲ. ನಿಮಗೆ ಮೋಸ ಮಾಡಿದೆ, ಅವಳಿಗೆ ಅದಕ್ಕಿಂತ ಹೆಚ್ಚು.

ಸೂರ್ಯನಾರಾಯಣ ಎದೆ ಮುಟ್ಟಿಕೊಂಡ. "ಚೂಡಂಡಿ, ನೋಡಿ, ಎಂಥ ಹಂಬಲ್ ಮನುಷ್ಯ! ಎಲ್ಲಾ ಕ್ರೆಡಿಟ್ ಮಗಳಿಗೆ ಕೊಡ್ತಿದ್ದಾರೆ!" ಚಪ್ಪಾಳೆ. ಹಿಂದೆಂದೂ ಬೀಳದಷ್ಟು ಚಪ್ಪಾಳೆ. ಪೋಸ್ಟರನ್ನು ನಾನೇ ಕಿತ್ತು ಹಾಕಿದೆ. ಮನೆಗೆ ಹೊರಡುವಾಗ ನೋಡಿದರೆ ಇನ್ನೊಂದು ಅಂಟಿಸಿದ್ದರು, ಲ್ಯಾಮಿನೇಶನ್ ಮಾಡಿಸಿ.

ಮನೆಯಲ್ಲಿ ಭಾಗಿಗೆ ಹೇಳಿದೆ, ಎಲ್ಲ ಒಪ್ಪಿಕೊಂಡೆ ಅಂತ. ಏನಂದ್ರು ಅಂದಳು. ಚಪ್ಪಾಳೆ ಹೊಡೆದರು ಅಂದೆ. ನಗಲಿಲ್ಲ.

"ಅವರಿಗಿ ಹೇಳಿದ್ದಕ್ಕಲ್ರಿ ನನಗ ಸಿಟ್ಟು. ನನ್ನ ಹೆಸರ ಗ್ವಾಡಿಮ್ಯಾಲ ಬರಲಿ ಅಂತನೂ ಅಲ್ಲ. ಅಪ್ಪಗ ಕಥಿ ಬೇಕಾಗೈತಿ ಅಂತ ತಿಳಕೊಂಡಿದ್ದೆ. ನಿಮಗ ಶುಕ್ರವಾರಕ್ಕ ಮಾಲ್ ಬೇಕಾಗಿತ್ತು."



೨೧ ಆಗಸ್ಟ್, ಸೋಮವಾರ

ಬಾವಿ ಪುಸ್ತಕ ಕೇಳಿದೆ. "ಓದ್ರಿ" ಎಂದು ಮೇಜಿನ ಮೇಲಿಟ್ಟು ಹೋದಳು. ತೊಡೆಯ ಮೇಲೆ ಡಿಕ್ಷನರಿ. ಕತ್ತಿಗೇ ಎಷ್ಟು ಹೆಸರು ಈ ಇಂಗ್ಲಿಷಿನವರಿಗೆ! ಒಂದು ಪುಟಕ್ಕೆ ಒಂದು ಚಹಾ ಆರುತ್ತದೆ. ಕ್ಲಬ್ಬಿಗೆ ಇನ್ನು ಬರುವುದಿಲ್ಲ ಎಂದು ಮೇಲ್ ಕಳಿಸಿದೆ.

೧೭ ಸೆಪ್ಟೆಂಬರ್, ಭಾನುವಾರ

ಮುಗಿಯಿತು. ಮುಗಿದ ಮೇಲೆ ನಡುವಿನ ಒಂದು ಪುಟಕ್ಕೆ ಮರಳಿ ಹೋದೆ. ದೂರದಲ್ಲಿ ಹೊಸ ರಾಜನ ಮದುವೆಯ ನಗಾರಿ. ಡ್ರ್ಯಾಗನ್ ಕೇಳಿಸಿಕೊಳ್ಳುತ್ತದೆ. ಆಮೇಲೆ ತಲೆಯನ್ನು ರೆಕ್ಕೆಯೊಳಗೆ ಇಟ್ಟುಕೊಳ್ಳುತ್ತದೆ. ಒಂದೇ ಸಾಲು.

ಅದಕ್ಕೆ ಗೊತ್ತಿತ್ತು!

ಭಾಗಿಗೆ ಇದು ಕಂಡಿಲ್ಲ. ಅವಳ ವಯಸ್ಸಿಗೆ ಕಾಣದು. ನನಗೆ ಕಂಡಿತು, ಕಣ್ಣಿಗೆ ಚುಚ್ಚಿದ ಹಾಗೆ.

೧೮ ಸೆಪ್ಟೆಂಬರ್, ಸೋಮವಾರ

ಚಾದರ್‌ಘಾಟ್ ಹತ್ತಿರ ಧೈರ್ಯ ಮಾಡಿದೆ.

"ಭಾಗೀ, ಡ್ರ್ಯಾಗನ್ನಿಗಿ ಗೊತ್ತಿತ್ತು."

"ಏನ್ ಗೊತ್ತಿತ್ರಿ?"

"ಯುದ್ಧ ಮುಗದದ್ದು."

"ಸುಳ್ಳ! ಇದನ್ ಯಾರ ಕಡಿಂದ ಕೇಳಿ ಬಂದಿ?"

ಮಾತು ನಾಟಿತು. ನಾಟಬೇಕಾದದ್ದೇ.

"ಯಾರ ಕಡಿಂದನೂ ಅಲ್ಲವಾ. ನಗಾರಿ ಕೇಳಿ ರೆಕ್ಕಿ ಒಳಗ ತಲಿ ಇಡತೈತಲ್ಲ, ಅಲ್ಲಿ ನೋಡು. ಯಾರೂ ಹೇಳಿಲ್ಲ ಅಂದಿ ನೀ. ಅದು ತಪ್ಪು."

ಮಲಕಪೇಟ ಬ್ರಿಜ್ ಕೆಳಗೆ ಬಸ್ಸಿನ ಹಾರ್ನಿಗಿಂತ ಜೋರಾಗಿ ಕಿವಿಯಲ್ಲಿ ಕೂಗಿದಳು: "ಗೊತ್ತಿದ್ರ ಎದ್ದು ಹೋಗಬೇಕಿಲ್ಲೋ? ಯಾಕ ಕುಂತಿತ್ತು ಮತ್ತ?"

ಸೆಂಟರ್ ಬಂತು. ಇಳಿದು ಹೋದಳು.

ಅದೇ ದಿನ, ಸಂಜೆ

ಹೊರಗಿನ ಕೋಣೆಯಲ್ಲಿ ಆ ಪುಟ ತೆಗೆದು ಕೂತಿದ್ದಾಳೆ. ಇಲ್ಲಿಂದ ಬೆನ್ನು ಕಾಣುತ್ತದೆ.

"ಅಪ್ಪಾ, ನಗಾರಿ ಐತಿ ಖರೇ. ಆದ್ರ ಯಾಕ ಕುಂತಿತ್ತು, ಅದನ್ ಹೇಳು."

"ಯಾರವಾ ಕುಂತಾವ್ರು?" ಒಳಗಿನಿಂದ ಶಿವದೇವಿ.

ಉತ್ತರ ಪುಸ್ತಕದಲ್ಲಿಲ್ಲ. ನನ್ನ ಹತ್ತಿರ ಇದೆ. ಹೋಗಿ ಎದುರು ಕೂತು ಹೇಳಬೇಕು. ಹೇಗೆ ಶುರು ಮಾಡಲಿ... ಭಾಗೀ, ತನ್ನದಲ್ಲದ ಬಾವಿ ಮ್ಯಾಲ ಅಷ್ಟ ದಿನ ಕುಂತಮ್ಯಾಲ, ಏಳಬೇಕಂದ್ರ ಮೊದಲ ಇದು ನಂದಲ್ಲ ಅಂತ ಒಪ್ಪಬೇಕಾಗತೈತಿ.