ಡೀಸೆಲ್ ಮುಳ್ಳು

ಗುರುಮಲ್ಲಣ್ಣ, ನೀನು ತೀರಿಕೊಂಡು ವರ್ಷವಾಯಿತು. ಈ ಕಾಗದವನ್ನು ಯಾವ ವಿಳಾಸಕ್ಕೂ ಹಾಕಲಾರೆ, ಆದರೂ ಬರೆಯುತ್ತಿದ್ದೇನೆ.

ನೀನು ಒಂಬತ್ತು ವರ್ಷ ಓಡಿಸಿದ ನಮ್ಮ ಪಿಕಪ್ಪನ್ನು ಇವತ್ತು ಹುಲ್ಲಹಳ್ಳಿಯಲ್ಲಿ ರಿಪೇರಿಗೆ ಕೊಟ್ಟಿದ್ದೆ. ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿ, ಡೀಸೆಲ್ ಮೀಟರಿನ ಹಿಂದೆ ತುಕ್ಕು ಹಿಡಿದಿದ್ದ ವೈರು ತೋರಿಸಿದ. "ಟ್ಯಾಂಕು ತುಂಬಿದ್ರೂವೆ ಒಂದೊಂದ್ಸಲ ಮುಳ್ಳು ಕೆಳಕ್ಕೆ ಬಿದ್ದೋಯ್ತದೆ ಸಾ," ಎಂದ.

ತಿ. ನರಸೀಪುರದಲ್ಲಿ ಬಾಳೆಗೊನೆ ಇಳಿಸಿ ನೀನು ಬಂದ ದಿನ, ಆ ಮುಳ್ಳು ನೋಡಿಯೇ ನಾನು ನಿನ್ನನ್ನು ಡೀಸೆಲ್ ಕಳ್ಳ ಎಂದದ್ದು. "ಮುಳ್ಳು ಸುಳ್ಳು ಏಳ್ತದೆ ಕಣಪ್ಪಾ, ಟ್ಯಾಂಕಿಗೆ ಕಡ್ಡಿ ಬುಟ್ಟು ನೋಡು," ಎಂದು ನೀನು ಬೇಡಿಕೊಂಡೆ. ನಾನು ನೋಡಲಿಲ್ಲ. ನೀನು ಕೀಯನ್ನು ಸೀಟಿನ ಮೇಲಿಟ್ಟು ನಿನ್ನೂರು ಹೆಮ್ಮಿಗೆಯ ಬಸ್ಸು ಹತ್ತಿದೆ.

ವೈರು ಬದಲಿಸುತ್ತಾ ಮೆಕ್ಯಾನಿಕ್ ಕೇಳಿದ: "ಅಳೇ ಡ್ರೈವರ್ರು ಏಳಿರ್ನಿಲ್ವಾ ಸಾ?"

ಇಲ್ಲ ಎಂದುಬಿಟ್ಟೆ, ಅಣ್ಣ.