ಅಕ್ಷತೆಗೆ ಬಾರದ ಬೀಗತಿ

ಜನವರಿ ೧೧, ಶನಿವಾರ

ಇವತ್ತೂ ಮದುವೆ ಕೆಲಸಗಳ ಶೀಟ್ ತಿದ್ದಿದ್ದೇ ಆಯಿತು. ನಮ್ಮ ಮದುವೆಗೆ ಪ್ಲಾನರ್ ಇಲ್ಲ. ನಾನು, ಅರ್ಘ್ಯ, ಇಬ್ಬರೇ. ಹುಬ್ಬಳ್ಳಿಯ ನವನಗರದಲ್ಲಿ ಇಬ್ಬರದೂ ಒಂದೇ ಆಫೀಸು; ಅವನು ನಮ್ಮ ಮಾತು ಕಲಿತದ್ದೂ ಅಲ್ಲೇ. ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಡಬ್ಬಿಯ ರೊಟ್ಟಿ ಹಾಗೇ ಉಳಿಯುತ್ತದೆ. ಜಾಗ ಗಟ್ಟಿಯಾಯಿತು — ಧಾರವಾಡದಾಚೆ ಒಂದು ಮಾವಿನ ತೋಟ. ಹತ್ತು ಕೋಣೆ, ನಡುವೆ ಅಂಗಳ. ಅರ್ಘ್ಯನ ಮನೆಯವರು ಬಂಗಾಳದ ಬರ್ಧಮಾನದಿಂದ ಬರಬೇಕು, ಹದಿನೇಳು ಜನ. ಅಜ್ಜಿಯ ಕಥೆಯಲ್ಲಾದರೆ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ನಮ್ಮವರು ಎರಡು ಟ್ರೇನ್ ಬದಲಿಸಿದರೆ ಸಾಕು.

ನಮ್ಮೂರು ಸುಳ್ಳಕ್ಕೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

"ಡೆಸ್ಟಿನೇಶನ್ ಅಂದ್ರ ದೂರ ಇರಬೇಕಲ್ಲ ದಾಕ್ಷಿ? ಇದು ತಾಸಿನ ಹಾದಿ."

"ಅವರಿಗೆ ದೂರ ಐತಲ್ಲಪಾ."

"ಹಂಗಾರ ನಮಗ ಲಗ್ನ, ಅವರಿಗೆ ಡೆಸ್ಟಿನೇಶನ್. ಛಲೋ ಆತು."

ಜನವರಿ ೧೯, ರವಿವಾರ

ಊರಿಗೆ ಹೋಗಿದ್ದೆ. ಅವ್ವನಿಗೆ ಶೀಟ್ ಓದಿ ಹೇಳಿದೆ. ಹೂವು, ಬಸ್ಸು, ಊಟ... ಎಲ್ಲಾ ಕೇಳಿ ಒಂದೇ ಮಾತು ಕೇಳಿದಳು.

"ಸುರಗಿ ಎಲ್ಲೈತಿ?"

ಬರೆದಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತಲೂ ನೂಲು, ನಡುವೆ ತಾಯಿ-ಮಗನನ್ನು ಕೂರಿಸಿ ನೀರು ಹಾಕುವುದು — ಇಷ್ಟು ಗೊತ್ತಿದ್ದದ್ದನ್ನು ಯಾರಾದರೂ ಬರೆಯುತ್ತಾರೆಯೇ? ಬರೆದೆ. ಅದರ ಕೆಳಗೆ: ೧೧.೪೨, ಅಕ್ಷತೆ, ಇಬ್ಬರೂ ತಾಯಂದಿರು ಮುಂದಿನ ಸಾಲು. ಈ ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿದೆ. ಉಳಿದದ್ದು ಹೆಚ್ಚು ಕಡಿಮೆಯಾದರೂ ಆಗಲಿ, ಇದು ಮಾತ್ರ ಆಗಬೇಕು.

ಫೆಬ್ರವರಿ ೨, ರವಿವಾರ

ಅರ್ಘ್ಯ ಅವನ ತಾಯಿಗೆ, ಮಾಗೆ, ಫೋನಿನಲ್ಲಿ ಶೀಟ್ ಓದಿ ಹೇಳಿದ. ಬಾಲ್ಕನಿಯಿಂದ ಬಂದವನ ಮುಖ ಸಣ್ಣದಾಗಿತ್ತು.

"ದಾಕ್ಷಿ, ಮಾ ಅಕ್ಷತಾಕ ಬರಂಗಿಲ್ಲ."

"ಯಾಕ? ನನ್ನ ಮ್ಯಾಲೆ ಸಿಟ್ಟೇನು?"

"ಸಿಟ್ಟಿಲ್ಲ ಮಾರಾಯ್ತಿ. ನಮ್ಮಲ್ಲಿ ತಾಯಿ ಆದಾಕಿ ಮಗನ ಲಗ್ನ ನೋಡೂದಿಲ್ಲ. ತಾಯಿ ದೃಷ್ಟಿ ಲಗೂ ತಾಗತೈತಿ ಅಂತಾರ."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಎಲ್ಲಾರ ಮನ್ಯಾಗೂ ಹಂಗ ಅಂದುಕೊಂಡಿದ್ದೆ."

ಶೀಟಿನಲ್ಲಿ ಇನ್ನೂರ ಹದಿನಾಲ್ಕು ಸಾಲು. ಬಸ್ ಡ್ರೈವರನ ಚಹಾ ಕೂಡ ಇದೆ. ಇದಿಲ್ಲ.

ಇನ್ನೊಂದು ಮಾತು ಹೇಳಿದ. ಅವರಲ್ಲಿ ಹುಡುಗಿಯ ತಾಯಿಯೂ ನೋಡುವುದಿಲ್ಲವಂತೆ. "ಆ ಹೊತ್ತಿಗೆ ದಾಕ್ಷಿಯ ತಾಯಿ, ನಾನು ಒಂದೇ ಕೋಣೆಯಲ್ಲಿ ಕೂತಿರುತ್ತೇವಲ್ಲ" ಎಂದು ಅವನ ಮಾ ಖುಷಿಯಿಂದ ಕೇಳಿದರಂತೆ. ಇವನು ಹೂಂ ಅಂದುಬಿಟ್ಟಿದ್ದಾನೆ!

ಫೆಬ್ರವರಿ ೪

ಅವ್ವನಿಗೆ ಹೇಳಿದೆ. ಹೇಳಬಾರದಿತ್ತು. ಹೇಳದೇ ಇರುವಂತೆಯೂ ಇರಲಿಲ್ಲ.

"ಅಷ್ಟು ದೂರಿಂದ ಬಂದು ಕ್ವಾಣ್ಯಾಗ ಕುಂಡ್ರತಾಳ? ಮಂದಿ ಏನಂದಾರು? ಬೀಗತಿ ಮನಸ್ಸಿಗೆ ಹುಡುಗಿ ಬಂದಿಲ್ಲ ಅಂತಾರ."

"ಅವರ ಪದ್ಧತಿ ಅವ್ವಾ."

"ಅವರದು ಅವರು ಮಾಡ್ಲಿ. ನನಗೂ ಕುಂಡ್ರು ಅಂದಳಂತ? ನಾ ಹಡದ ಮಗಳ ಲಗ್ನ ನಾ ನೋಡಬಾರದ?"

ಫೋನ್ ಇಟ್ಟಳು. ಹಳದಿ ಬಣ್ಣದ ಸಾಲನ್ನು ನಾನು ಅಳಿಸಲಿಲ್ಲ. ನೋಡಲೂ ಇಲ್ಲ.

ಫೆಬ್ರವರಿ ೧೪, ಶುಕ್ರವಾರ

ಬಂದರು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಹದಿನೇಳು ಜನ, ಇಪ್ಪತ್ತಾರು ಬ್ಯಾಗು, ಒಂದು ಮಡಕೆ ತುಂಬ ಸಂದೇಶ್ ಮಿಠಾಯಿ. ಮಾ ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡರು. ಅವ್ವ "ಬರ್ರಿ, ಆರಾಮ ಅದೀರಿ?" ಅಂದಳು. ಅಷ್ಟೇ. ಊರಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದಾಳೋ ಅವರಿಗೂ ಇದಕ್ಕಿಂತ ಎರಡು ಮಾತು ಹೆಚ್ಚು ಆಡುತ್ತಾಳೆ.

ಫೆಬ್ರವರಿ ೧೫, ಸಂಜೆ

ಸುರಗಿ ಆಯಿತು. ಇದಕ್ಕೆ ಮಾ ಇಲ್ಲ ಅನ್ನಲಿಲ್ಲ, ಲಗ್ನ ನಾಳೆಯಲ್ಲವೇ. ನೂಲಿನೊಳಗೆ ಮಗನ ಪಕ್ಕ ಕೂತರು. ಅವ್ವ ಮೊದಲ ತಂಬಿಗೆ ಸುರಿದಳು. ನೀರು ಕಾಯಿಸುವುದನ್ನು ಎಲ್ಲರೂ ಮರೆತಿದ್ದರು — ಮಾ ಚೀರಿದ್ದಕ್ಕೆ ಮಾವಿನ ಮರದ ಗಿಳಿಗಳು ಹಾರಿದವು. ಅವ್ವನಿಗೆ ನಗು ತಡೆಯಲಾಗಲಿಲ್ಲ. "ಥಂಡಾ ಹೈ, ಥಂಡಾ ಹೈ, ತಡೀರಿ" ಅಂತ ತನ್ನ ಸಂತೆಯ ಹಿಂದಿಯಲ್ಲಿ ಹೇಳುತ್ತಾ ತನ್ನ ಸೆರಗಿನಿಂದಲೇ ಅವರ ತಲೆ ಒರೆಸಿದಳು.

ಮಾ ಬೆರಳು ತೋರಿಸಿ ಕೇಳಿದರು: ನಾಳೆ, ನೀವು, ಕೋಣೆಗೆ?

ಅವ್ವ ತನ್ನ ಕಣ್ಣು ಮುಟ್ಟಿಕೊಂಡಳು. "ಇಲ್ಲರಿ. ನಾ ನೋಡಬೇಕು."

ಮಾ ತಲೆಯಾಡಿಸಿದರು. ಬೇಸರವಾಯಿತೋ ಏನೋ, ಗೊತ್ತಾಗಲಿಲ್ಲ. ಅವ್ವನ ಒದ್ದೆ ಸೆರಗು ಹಿಂಡಿ ಅವಳ ಹೆಗಲಿಗೆ ಹಾಕಿದರು.

ಫೆಬ್ರವರಿ ೧೬, ಮಧ್ಯಾಹ್ನ ೧.೧೦

ಎರಡೇ ನಿಮಿಷ ಬರೆಯುತ್ತೇನೆ. ಸೀರೆ ಬದಲಿಸಲು ಬಿಟ್ಟಿದ್ದಾರೆ.

ಅಂತರಪಟ ಸರಿಯಿತು. ಅರ್ಘ್ಯ ಕಂಡ. ಬಾಜಾದವರು ಒಮ್ಮೆಲೇ ಬಾರಿಸಿದರು, ಅಕ್ಷತೆಯ ಅರಿಸಿನ ಹಚ್ಚಿದ ಜೋಳ ನಾಲ್ಕೂ ಕಡೆಯಿಂದ ಬಿತ್ತು. ಮುಂದಿನ ಸಾಲು ನೋಡಿದೆ. ಅಪ್ಪ. ಅರ್ಘ್ಯನ ಬಾಬಾ. ಅವ್ವನ ಕುರ್ಚಿ ಖಾಲಿ.

ತಾಳಿ ಕಟ್ಟಿದ್ದು, ಏಳು ಹೆಜ್ಜೆ... ಎಲ್ಲಾ ಆಯಿತು, ನನ್ನ ಕಣ್ಣು ಆ ಕುರ್ಚಿಯ ಮೇಲೆ. ಮುಗಿದ ಕೂಡಲೇ ಅರ್ಘ್ಯನ ಶಲ್ಯದ ಗಂಟು ಎಳೆದುಕೊಂಡೇ ಮಾ ಇದ್ದ ಮೂಲೆಯ ಕೋಣೆಗೆ ಓಡಿದೆ. ಅವನೂ ಓಡಲೇಬೇಕಾಯಿತು.

ಮಂಚದ ಮೇಲೆ ಅವ್ವ, ಮಾ ಇಬ್ಬರೂ ಕೂತಿದ್ದರು, ಕಿಟಕಿಗೆ ಬೆನ್ನು ಮಾಡಿ. ಇಬ್ಬರ ಬೈತಲೆಯಲ್ಲೂ ಹಳದಿ ಜೋಳ.

"ಅವ್ವಾ, ನೋಡಬೇಕು ಅಂದಿದ್ದಿಯಲ್ಲ!"

"ನಿಂತಿದ್ದೆ ತಂಗೀ. ಕಿಡಕ್ಯಾಗ ಇವರ ಬೆನ್ನು ಕಾಣಸ್ತು. ಬಾಜಾ ಹೊಡದಾಗ ಒಮ್ಮೆ ತಿರುಗಾಕ ಹೋಗಿ ಹಂಗ ತಡಕೊಂಡ್ರು. ನನಗ ಅಲ್ಲಿ ನಿಲ್ಲಾಕ ಆಗಲಿಲ್ಲ."

"ಅಕ್ಷತಾ ಕೈಯಾಗ ಇತ್ತಲ್ಲ?"

"ಇವರಿಗೆ ಅರ್ಧ ಕೊಟ್ಟೆ. ನಾ ಇವರಿಗೆ ಹಾಕಿದೆ, ಇವರು ನನಗ ಹಾಕಿದ್ರು. ಹೆತ್ತವರ ಕೈಯಾಂದು, ಎಲ್ಲಿ ಹಾಕಿದ್ರೂ ನಿಮಗ ಮುಟ್ಟತೈತಿ, ಹೋಗ್ರಿ."

ಮಾ ಅವ್ವನ ಕೂದಲಿನಿಂದ ಒಂದು ಕಾಳು ತೆಗೆದು ನನ್ನ ತಲೆಗೆ, ಇನ್ನೊಂದು ಅರ್ಘ್ಯನ ತಲೆಗೆ ಇಟ್ಟರು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು

ಬಾಗಿಲು ಬಡಿಯುತ್ತಿದ್ದಾರೆ. ಊಟಕ್ಕೆ ಕೂರಬೇಕಂತೆ. ಹೊರಗೆ ಅವ್ವನ ದನಿ, "ಬೀಗತಿ ಎಲಿ ನನ್ನ ಬಾಜೂಕ ಹಾಕ್ರಿ" ಅಂತ, ಮತ್ತೆ ಏನೋ ಹಿಂದಿಯಲ್ಲಿ, ಮಾ ನಗುತ್ತಾ