ಮೂರು ತಿಂಗಳ ಫ್ರೆಂಚ್

ಲಕಾತೊರೊ, ಮಲೆಕುಲಾ ದ್ವೀಪ
೨೦೨೨ ನವೆಂಬರ್ ೧೪

ಮಗಳು ಒಡೆಟ್‌ಗೆ,

ನಿನ್ನ ಮಂಡಿನೋವು ಹೇಗಿದೆ? ಅಳಿಯನ ಕೆಮ್ಮು ನಿಂತಿತೇ? ಸಿಗರೇಟು ಬಿಡದೆ ಅದು ನಿಲ್ಲುವುದಿಲ್ಲ, ನಾನು ಹೇಳಿದೆನೆಂದೇ ಹೇಳು. ನನಗೇನೂ ಆಗಿಲ್ಲ. ಹಲ್ಲು ಮೂರು ಉಳಿದಿವೆ, ಗೆಡ್ಡೆಯನ್ನು ಮೆತ್ತಗೆ ಬೇಯಿಸಿಕೊಟ್ಟರೆ ಇನ್ನೂ ತಿನ್ನುತ್ತೇನೆ. ಫೋನಿನಲ್ಲಿ ನಾನು ಕೂಗಿದೆ, ನೀನು ಕಟ್ ಮಾಡಿದೆ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕಷ್ಟಪಟ್ಟು ಓದಿಕೋ. ನಿಮ್ಮ ನೂಮೆಯಾಕ್ಕೆ ಹೊರಟಿರುವ ಪಾದ್ರಿಯ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಅಣ್ಣ ಕೆನೆತನ ಮಗಳು ರೋಸ್ಲಿನ್‌ಗೆ ರಾಜಧಾನಿಯ ಹೊಸ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಅದನ್ನು ನೋಡಿ ಬರೋಣವೆಂದು ಹಡಗಿನಲ್ಲಿ ಅವಳ ಜೊತೆ ನಾನೂ ಹೋಗಿದ್ದೆ, ದಾರಿಯುದ್ದಕ್ಕೂ ವಾಂತಿ. ಇಷ್ಟು ವರ್ಷ ಇಂಗ್ಲಿಷ್ ಓದಿದವರು ಫಿಜಿಗೆ ಹೋಗುತ್ತಿದ್ದರು, ಫ್ರೆಂಚ್ ಓದಿದವರು ನಿನ್ನ ಹಾಗೆ ಫ್ರೆಂಚರ ನೂಮೆಯಾಕ್ಕೆ. ಹೋದವರು ಅಲ್ಲಿಯವರೇ ಆದರು. ಇಲ್ಲಿದ್ದದ್ದು ಮೇಷ್ಟ್ರುಗಳನ್ನು ತಯಾರು ಮಾಡುವ ಒಂದು ಶಾಲೆ. ಈಗ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿ, ಅದನ್ನೂ ಸೇರಿಸಿಕೊಂಡು, ಎರಡು ಭಾಷೆಯಲ್ಲಿ ಬೋರ್ಡು ಬರೆದು, ನಮ್ಮ ದೇಶದ ವಿಶ್ವವಿದ್ಯಾಲಯ ಎಂದಿದ್ದಾರೆ. ಸ್ವಾತಂತ್ರ್ಯ ಬಂದು ನಲವತ್ತು ವರ್ಷವಾದ ಮೇಲೆ ಬುದ್ಧಿ ಬಂತು. ಅಷ್ಟರಲ್ಲಿ ನಿನ್ನ ತಲೆ ನರೆತಿತ್ತು.

ಅಲ್ಲಿಯ ಕಚೇರಿಯಲ್ಲಿ ಕೂತಿದ್ದ ಹೆಂಗಸು ಒಳ್ಳೆಯವಳು. "ಅಜ್ಜಾ, ಇಲ್ಲಿ ಎರಡೂ ಕಡೆ ಮಕ್ಕಳು ಒಂದೇ ಕ್ಲಾಸಲ್ಲಿ ಕೂರ್ತಾರೆ. ಒಬ್ರು ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ಇನ್ನೊಬ್ರು ಫ್ರೆಂಚಲ್ಲಿ ಮಾಡ್ತಾರೆ. ನಿಮ್ಮುಡುಗಿಗೆ ಫ್ರೆಂಚ್ ಬರುತ್ತಾ?" ಎಂದು ಕೇಳಿದಳು. ನಮ್ಮ ಹುಡುಗಿಗೆ ನಮಸ್ಕಾರ ಹೇಳಲು ಬರುತ್ತದೆ, ಅದಾದ ಮೇಲೆ ಹಲ್ಲು ಕಿರಿಯಲು ಬರುತ್ತದೆ. ನಾನೇ ಎದೆ ಉಬ್ಬಿಸಿ, "ಇವಳ ಅತ್ತೆ ನೂಮೆಯಾದಲ್ಲಿ ಫ್ರೆಂಚ್ ಮೇಷ್ಟ್ರಮ್ಮ, ಮೂರು ತಿಂಗಳಲ್ಲಿ ಕಲಿಸ್ತಾಳೆ" ಎಂದೆ. ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ನಲವತ್ತು ವರ್ಷ ನನ್ನ ಫ್ರೆಂಚು ನಿಮ್ಮ ಬಾಯಲ್ಲಿ ಬೈಗುಳ ಆಗಿತ್ತಲ್ಲಪ್ಪ, ಈಗ ಮೊಮ್ಮಗಳಿಗೆ ಬೇಕಾಯ್ತಾ? ಆವತ್ತು ನಮ್ಮ ಶಾಲೆಗೆ ಕಲ್ಲು ಬಿದ್ದಾಗ ಯಾಕೆ ನನ್ನ ಕರ್ಕೊಂಡು ಹೋಗೋಕೆ ಬರ್ಲಿಲ್ಲ, ಅದನ್ನ ಮೊದಲು ಹೇಳು. ಆಮೇಲೆ ಹುಡುಗಿ ವಿಷಯ." ಸಮುದ್ರ ಎದ್ದಿತ್ತು ಎಂದು ನೂರು ಸಲ ಹೇಳಿಲ್ಲವೇ ಎಂದು ನಾನು ಗಂಟಲು ಹರಿದುಕೊಂಡೆ.

ನಿನ್ನನ್ನು ಫ್ರೆಂಚ್ ಶಾಲೆಗೆ ಹಾಕಿದವನು ನಾನೇ, ಇಲ್ಲವೆನ್ನುವುದಿಲ್ಲ. ಆಗ ನಮ್ಮನ್ನು ಇಂಗ್ಲಿಷರು, ಫ್ರೆಂಚರು ಇಬ್ಬರೂ ಒಟ್ಟಿಗೆ ಆಳುತ್ತಿದ್ದರು. ಎರಡು ಪೊಲೀಸು, ಎರಡು ಆಸ್ಪತ್ರೆ, ಎರಡು ಜೈಲು. ಫ್ರೆಂಚರ ಜೈಲಿನಲ್ಲಿ ಊಟ ಚೆನ್ನಾಗಿದೆಯೆಂದು ಕಳ್ಳರು ಆರಿಸಿಕೊಂಡು ಸಿಕ್ಕಿಬೀಳುತ್ತಿದ್ದರಂತೆ. ಮುಂದೆ ಯಾರ ಕೈ ಮೇಲಾದರೂ ಮನೆಯ ಒಂದು ಮಗು ಗೆದ್ದವರ ಕಡೆ ಇರಲಿ ಎಂದು ಕೆನೆತನನ್ನು ನಮ್ಮ ಚರ್ಚಿನ ಇಂಗ್ಲಿಷ್ ಶಾಲೆಗೆ ಹಾಕಿದೆ, ನಿನ್ನನ್ನು ಕೊಲ್ಲಿಯಾಚೆಯ ಫ್ರೆಂಚ್ ಪಾದ್ರಿಗಳ ಶಾಲೆಗೆ. ಊರಿನ ಅರ್ಧ ಗಂಡಸರು ಮಾಡಿದ್ದೂ ಅದನ್ನೇ. ನಿಮ್ಮಮ್ಮ ಒಬ್ಬಳು, "ಮಕ್ಕಳನ್ನ ಪಣಕ್ಕಿಡ್ತಾರಾ ಯಾರಾದ್ರೂ?" ಎಂದಳು. "ಎರಡೂ ಕಡೆ ಇಟ್ರೆ ಸೋಲೋ ಮಾತೆಲ್ಲಿ ಬಂತು, ಸುಮ್ನಿರೇ" ಎಂದು ನಕ್ಕೆ. ರಜೆಗೆ ಬಂದಾಗ ಕೆನೆತ್ ನಿನ್ನನ್ನು "ಏಯ್ ಫ್ರೆಂಚಿ" ಎನ್ನುವನು. ನೀನು ನಿನ್ನ ಪುಸ್ತಕವನ್ನು ಅವನ ಮುಂದೆ ಹಿಡಿದು, "ಓದು ನೋಡೋಣ, ದಡ್ಡ" ಎನ್ನುವೆ. ಅದೂ ನನಗೆ ತಮಾಷೆಯಾಗಿಯೇ ಕಂಡಿತ್ತು.

ಸ್ವಾತಂತ್ರ್ಯ ಬಂದಾಗ ಇಂಗ್ಲಿಷ್ ಕಡೆಯವರಾದ ನಾವು ಗೆದ್ದೆವು. ಗೆದ್ದದ್ದು ಏನು ಎಂದು ಕೇಳಬೇಡ. ಇಂಗ್ಲಿಷ್ ಕಲಿತ ನಿನ್ನ ಅಣ್ಣ ಬಂದರಿನಲ್ಲಿ ಕೊಬ್ಬರಿ ಮೂಟೆ ಹೊರಿಸುತ್ತಾನೆ. ಫ್ರೆಂಚ್ ಕಲಿತ ನಿನಗೆ ಇಲ್ಲಿ ಮೂರು ಕಾಸಿನ ಮರ್ಯಾದೆಯೂ ಸಿಗಲಿಲ್ಲ, ಹದಿನೆಂಟಕ್ಕೆ ಹೋದವಳು ಅಮ್ಮನ ಮಣ್ಣಿಗೆ ಮಾತ್ರ ಬಂದೆ. ಈಗ ಮಂತ್ರಿಗಳು ಭಾಷಣ ಮಾಡುತ್ತಾರೆ, ಎರಡು ಭಾಷೆಯೇ ನಮ್ಮ ಸಂಪತ್ತಂತೆ. ಆ ಸಂಪತ್ತನ್ನು ಅರ್ಧ ಮಾಡಿ ಒಂದೊಂದು ಮಗುವಿನ ತಲೆಗೆ ಕಟ್ಟಿದಾಗ ಇವರೆಲ್ಲ ಎಲ್ಲಿದ್ದರು? ಅವರನ್ನು ಕೇಳಿ ಏನು, ನಾನೆಲ್ಲಿದ್ದೆ?

"ಅವಳು ಬೇಡ ಅಂದ್ರೆ ಬಿಡಪ್ಪ, ಕೇಳೋಕೆ ನಮಗೆ ಮುಖ ಎಲ್ಲಿದೆ" ಎಂದು ಕೆನೆತ್ ಎದ್ದು ಹೋದ. ಹುಡುಗಿ ಮಾತ್ರ ಎಲ್ಲಿಂದಲೋ ಹಳೆಯ ಫ್ರೆಂಚ್ ಪುಸ್ತಕ ತಂದು, ಲಾಪ್ಲಾಪ್ ಕಡುಬಿಗೆ ಗೆಡ್ಡೆ ತುರಿಯುತ್ತ ತಪ್ಪುತಪ್ಪಾಗಿ ಒದರುತ್ತಾಳೆ. ತಿದ್ದುವವರು ಈ ಮನೆಯಲ್ಲಿ ಯಾರಿದ್ದಾರೆ? ಕ್ಲಾಸು ಶುರುವಾಗುವುದು ಮಾರ್ಚಿಗೆ. ನಿನ್ನ ಆಹ್ವಾನದ ಕಾಗದವಿಲ್ಲದೆ ಅವಳಿಗೆ ವೀಸಾ ಕೊಡುವುದಿಲ್ಲವಂತೆ. ಈ ತಿಂಗಳ ಕೊನೆಯೊಳಗೆ ಅದು ಬರಬೇಕು.

ಅಳಿಯನಿಗೂ ನಿನ್ನ ಗಂಡುಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿನ್ನ ಮನೆಯನ್ನು ಚೆನ್ನಾಗಿಟ್ಟಿರಲಿ. ಅವನಿಗಾದರೂ ಎರಡೂ ಭಾಷೆ ಬರುತ್ತದೆ ಎಂದುಕೊಂಡಿದ್ದೇನೆ.

ನಿನ್ನ ಅಪ್ಪ,
ಮಾಸಿಂಗ್

ಮರೆತದ್ದು: ಪಾದ್ರಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆವತ್ತು ಸಮುದ್ರ ಎದ್ದಿರಲಿಲ್ಲ. ಎಣ್ಣೆಯ ಹಾಗೆ ಮಲಗಿತ್ತು. ನಮ್ಮ ಕಡೆಯವರು ನಿಮ್ಮ ಶಾಲೆಗೆ ಕಲ್ಲು ಹೊಡೆಯಲು ಹೊರಟ ಸಭೆಯಲ್ಲಿ ನಾನೂ ಕೂತಿದ್ದೆ. ನನ್ನ ಮಗಳು ಅಲ್ಲಿದ್ದಾಳೆ ಎಂದರೆ ಫ್ರೆಂಚರವನು ಎಂದಾರು ಎಂದು ಬಾಯಿ ಬಿಡಲಿಲ್ಲ. ಕೊಲ್ಲಿ ದಾಟಲು ದೋಣಿ ಸಾಲದು ಎಂದರು. ನನ್ನದನ್ನು ಕೊಟ್ಟೆ. ಬೇರೆ ಅಪ್ಪಂದಿರು ಬಂದು ಮಕ್ಕಳನ್ನು ಕರೆದೊಯ್ದ ಆ ಎರಡು ದಿನ ನನ್ನ ದೋಣಿ ನಿಮ್ಮ ಶಾಲೆಯ ದಡದಲ್ಲೇ ಇತ್ತು, ನಾನು ಇಲ್ಲಿದ್ದೆ. ಇದು ಕೆನೆತನಿಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ. ಹೇಳಬೇಕೆನಿಸಿದರೆ ಹೇಳು. ಬೈಗುಳವನ್ನು ನನಗೆ ಬರೆ, ಆಹ್ವಾನದ ಕಾಗದವನ್ನು ಅವಳಿಗೆ.